ಪತಂಗ ಬಾರದ ಬೆಳಗು

ಅಕ್ಕ ತೀರಿಕೊಂಡ ಮರುವರ್ಷ, ಬೇಸಿಗೆಯ ಮೊದಲಲ್ಲಿ, ಶಾಂತವೀರ ಹೊಳೆಯ ದಂಡೆಯ ಆಶ್ರಮಕ್ಕೆ ಬಂದ.

ಗುರುಗಳು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ನಾನು ನೀಲಾಂಬಿಕೆಯ ತಮ್ಮ,” ಎಂದ.

“ಮೂಗು ನೋಡಿದರೇ ಗೊತ್ತಾಗುತ್ತದೆ. ಏನು ಬೇಕು?”

“ಹೋದ ಬೇಸಿಗೆಯೆಲ್ಲ ಅಕ್ಕ ಇಲ್ಲಿದ್ದಳು. ಬಾ, ಇಲ್ಲಿಯ ಗೋಡೆ ನೋಡು ಅಂತ ಮೂರು ಸಲ ಕಾಗದ ಬರೆದಳು. ಪರೀಕ್ಷೆ ಮುಗಿಯಲಿ ಅಂದೆ. ಅದು ಮುಗಿಯುವುದರೊಳಗೆ ಅವಳೇ ಹೋದಳು.”

“ಏನು ಬೇಕು ಅಂತ ಕೇಳಿದೆ.”

ಶಾಂತವೀರ ಹೆಗಲಿನ ಚೀಲ ಕೆಳಗಿಟ್ಟ.

“ಅವಳನ್ನು ಒಂದು ಸಲ ಕಾಣಬೇಕು ಗುರುಗಳೇ.”

ಗುರುಗಳು ನಗಲಿಲ್ಲ. ಬೈಯಲಿಲ್ಲ. ಕೈಗಂಟಿದ ಹುಣಸೆ ಒರೆಸಿಕೊಂಡರು.

“ಹಾಗಾದರೆ ಬೆಳಿಗ್ಗೆ ಐದೂವರೆಗೆ ಏಳು,” ಎಂದರು.

ಬೆಳಿಗ್ಗೆ ಅವನನ್ನು ಜಗಲಿಗೆ ಕರೆದೊಯ್ದರು. ಅಲ್ಲಿ ಸುಣ್ಣ ಬಳಿದ ಒಂದು ಗೋಡೆ. ಅದರ ಮೇಲೆ ಇರುಳೆಲ್ಲ ಉರಿದ ಒಂದು ಬಲ್ಬು. ಬೆಳಕಿಗೆ ಬಂದ ಪತಂಗಗಳು ರೆಕ್ಕೆ ಹಾಸಿಕೊಂಡು ಗೋಡೆಗೆ ಅಂಟಿ ಕೂತಿದ್ದವು. ಒಂದು ಒಣಗಿದ ಎಲೆಯ ಹಾಗೆ. ಇನ್ನೊಂದು ಗೋಡೆಯ ಬಿರುಕಿನ ಹಾಗೆ.

ಶಾಂತವೀರ ಹತ್ತಿರ ಹೋದ. ಗುರುಗಳು ಅವನ ತೋಳು ಹಿಡಿದು ಕಂಬದ ಪಕ್ಕಕ್ಕೆ ಎಳೆದರು.

“ಇಲ್ಲಿ ನಿಲ್ಲು. ನೆರಳು ಗೋಡೆಯ ಮೇಲೆ ಬೀಳಬಾರದು. ಕಂಡದ್ದನ್ನು ಬರೆ. ಕಾಣದ್ದನ್ನು ಬರೆಯಬೇಡ.”

“ಎಷ್ಟು ಹೊತ್ತು?”

“ಮಡಿವಾಳ ಹಕ್ಕಿ ಬರುವ ತನಕ.”

ಆರೂವರೆಗೆ ಮಡಿವಾಳ ಹಕ್ಕಿ ಬಂತು. ಗೋಡೆಯಿಂದ ಒಂದೊಂದೇ ಪತಂಗವನ್ನು ಹೆಕ್ಕಿ ತಿಂದಿತು. ಉಳಿದವು ಹಾರಿಹೋದವು. ಸುಣ್ಣದ ಗೋಡೆ ಬರಿದಾಯಿತು.

ಅಡುಗೆಯ ಸಂಗವ್ವ ಒಳಗಿನಿಂದ ಇಣುಕಿದಳು.

“ಕಾಲೇಜಿನಲ್ಲಿ ಓದಿದ ಹುಡುಗನಂತೆ. ಹುಳ ಎಣಿಸುವುದನ್ನೂ ಅಲ್ಲಿ ಕಲಿಸುತ್ತಾರೇನಪ್ಪಾ?”

“ಕಲಿಸುತ್ತಾರವ್ವ.”

“ಅಂಬಲಿ ಕುಡಿಯೋದು ಕಲಿಸಿದ್ದರೆ ಬಾ. ಆರುತ್ತಿದೆ.”

ಮೂರನೆಯ ದಿನ ಗುರುಗಳು ಒಂದು ಹಳೆಯ ನೋಟುಪುಸ್ತಕ ತಂದು ಅವನ ಮುಂದಿಟ್ಟರು. ಅಂಚುಗಳನ್ನು ಹುಳ ತಿಂದಿತ್ತು.

“ನಿಮ್ಮಕ್ಕನದು. ಹಗಲು ಕೂತು ಇದರ ಪ್ರತಿ ಮಾಡು. ಮಳೆ ಬಂದ ಮೇಲೆ ಹಳೆಯದನ್ನು ಹೊಳೆಗೆ ಬಿಡೋಣ.”

“ಬಿಡಲೇಬೇಕೇ?”

“ಹುಳ ಹಿಡಿದದ್ದು ಕಪಾಟಿನಲ್ಲಿದ್ದರೆ ಉಳಿದ ಪುಸ್ತಕಕ್ಕೂ ಹಿಡಿಯುತ್ತದೆ. ಹೊಳೆಗೆ ಬಿಡುವುದು ಇಲ್ಲಿಯ ಪದ್ಧತಿ.”

“ಹುಳದ ಪುಸ್ತಕ ಹುಳಕ್ಕೇ ಊಟವಾಯಿತು ನೋಡು,” ಎಂದಳು ಸಂಗವ್ವ.

ಶಾಂತವೀರ ಪುಸ್ತಕ ತೆರೆದ.

ಎಡಕ್ಕೆ ತಾರೀಖು, ಗಂಟೆ, ಮೋಡ, ಗಾಳಿ. ಬಲಕ್ಕೆ ಪತಂಗದ ಚಿತ್ರ. ಅಕ್ಕನಿಗೆ ಅವುಗಳ ಹೆಸರು ಗೊತ್ತಿರಲಿಲ್ಲ. ತಾನೇ ಇಟ್ಟುಕೊಂಡಿದ್ದಳು. ಸುಟ್ಟ ಹಪ್ಪಳ. ಮಾವನ ರುಮಾಲು. ಸಂಗವ್ವನ ಸೆರಗು.

“ನನ್ನ ಸೆರಗಿನ ಹಳದಿ ಅಂಚು ಅದಕ್ಕೂ ಇತ್ತು,” ಎಂದಳು ಸಂಗವ್ವ. “ಅದು ಹಾರಿಹೋಗುವ ತನಕ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೋಲಿಸಿದಳು. ಅವತ್ತು ಅನ್ನ ಸೀದುಹೋಯಿತು.”

ಶಾಂತವೀರ ನಕ್ಕ.

ಪತಂಗದ ಹೆಸರುಗಳಲ್ಲಿ ಅಕ್ಕನ ದನಿ ಇತ್ತು. ಅವುಗಳನ್ನು ಅವನು ಜೋಪಾನವಾಗಿ ಬರೆದುಕೊಂಡ. ಒಂದೊಂದು ಚಿತ್ರಕ್ಕೂ ಅರ್ಧ ದಿನ ತೆಗೆದುಕೊಂಡ. ನಡುನಡುವೆ ‘ಏನೂ ಇಲ್ಲ’ ಎಂದಷ್ಟೇ ಇದ್ದ ಸಾಲುಗಳು ಬರುತ್ತಿದ್ದವು. ಅವುಗಳನ್ನು ಬಿಟ್ಟ.

ಕೊನೆಯ ಚಿತ್ರ ಮೇ ಹತ್ತೊಂಬತ್ತರದು. ಬೂದು ಪತಂಗ. ಅದರ ರೆಕ್ಕೆಗಳ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ. ಕೆಳಗೆ ಬರೆದಿದ್ದಳು: ವಿಭೂತಿ.

ಹಾಳೆ ತಿರುಗಿಸಿದ. ಮುಂದೆ ಚಿತ್ರವಿರಲಿಲ್ಲ. ಏನೂ ಇಲ್ಲ, ಏನೂ ಇಲ್ಲ ಎಂದು ಒಂದರ ಕೆಳಗೊಂದು ಸಾಲು. ಮಡಚಿಟ್ಟ.

ಆ ಸಂಜೆ ಗುರುಗಳ ಬಳಿ ಹೋದ.

“ವಿಭೂತಿ ಪತಂಗ ಯಾವಾಗ ಬರುತ್ತದೆ ಗುರುಗಳೇ?”

“ಗೋಡೆಗೆ ಬರುವವರು ನನ್ನನ್ನು ಕೇಳಿ ಬರುವುದಿಲ್ಲ.”

“ಅಕ್ಕ ಕೊನೆಯದಾಗಿ ಕಂಡದ್ದು ಅದನ್ನೇ. ಅದು ಬಂದರೆ ಅವಳನ್ನು ಕಂಡಷ್ಟೇ ಆಯಿತು ನನಗೆ.”

ಗುರುಗಳು ಎದ್ದು ಹೋಗಿ ಬಲ್ಬು ಹಾಕಿದರು.

ಏಪ್ರಿಲ್ ಕಳೆಯಿತು. ಶಾಂತವೀರನ ಪುಸ್ತಕದಲ್ಲಿ ಸುಟ್ಟ ಹಪ್ಪಳ ಹನ್ನೊಂದು ಸಲ ಬಂತು. ಸಂಗವ್ವನ ಸೆರಗು ಎರಡು ಸಲ. ಕೆಲವು ದಿನ ಬೆಳಿಗ್ಗೆ ಗೋಡೆಯ ಮೇಲೆ ಏನೂ ಇರುತ್ತಿರಲಿಲ್ಲ. ಆಗ ಅವನು ಪುಸ್ತಕ ತೆರೆಯುತ್ತಿರಲಿಲ್ಲ. ಪೊರಕೆ ಹಿಡಿದು ಅಂಗಳ ಗುಡಿಸಲು ಹೋಗುತ್ತಿದ್ದ.

ಮೇ ಹತ್ತೊಂಬತ್ತರಂದು ನಾಲ್ಕು ಗಂಟೆಗೇ ಎದ್ದು ಬಂದು ನಿಂತ.

ಗೋಡೆ ಬರಿದಾಗಿತ್ತು.

ಬಿಸಿಲು ಬಿದ್ದ ಮೇಲೂ ನಿಂತೇ ಇದ್ದ. ಸಂಗವ್ವ ಬಂದು ಅವನ ಬೆನ್ನು ಮುಟ್ಟಿದಳು.

“ಬಂದಿತ್ತು ಅಂತ ಒಂದು ಸಾಲು ಬರೆದುಬಿಡಪ್ಪಾ. ಗೋಡೆ ಎದ್ದು ಬಂದು ಸಾಕ್ಷಿ ಹೇಳುತ್ತದೆಯೇ?”

“ಸುಳ್ಳು ಬರೆಯಲಾರೆನವ್ವ.”

“ಹಾಗಾದರೆ ಏನು ಬರೆಯುತ್ತೀ?”

“ಬರೆಯುವುದಕ್ಕೆ ಏನಿದೆ?”

ಪೊರಕೆ ತೆಗೆದುಕೊಂಡು ಅಂಗಳಕ್ಕೆ ಹೋದ.

ವಿಭೂತಿ ಮರುದಿನವೂ ಬರಲಿಲ್ಲ. ಆ ತಿಂಗಳೆಲ್ಲ ಬರಲಿಲ್ಲ.

ಜೂನ್ ನಾಲ್ಕಕ್ಕೆ ಮೊದಲ ಮಳೆ ಬಿತ್ತು. ಹೊಳೆಯ ನೀರು ಕೆಂಪಾಯಿತು.

ಐದರಂದು ಮಧ್ಯಾಹ್ನ ಗುರುಗಳು ಅಕ್ಕನ ಪುಸ್ತಕ ಹಿಡಿದುಕೊಂಡು ಹೊಳೆಗೆ ಇಳಿದರು. ಶಾಂತವೀರ ತನ್ನ ಪ್ರತಿ ಹಿಡಿದು ಹಿಂದೆ ಹೋದ. ಅವನ ಮುಖ ಇಳಿದಿತ್ತು.

“ಯಾಕೋ?”

“ಬೇಸಿಗೆ ಮುಗಿಯಿತು ಗುರುಗಳೇ. ಅವಳು ಕಾಣಲಿಲ್ಲ.”

ಗುರುಗಳು ನೀರಂಚಿನ ಕಲ್ಲಿನ ಮೇಲೆ ಕೂತರು.

“ಬಿಡುವ ಮುಂಚೆ ಸರಿನೋಡೋಣ. ನಾನು ತಾರೀಖು ಓದುತ್ತೇನೆ. ನಿನ್ನದರಲ್ಲಿ ಇದ್ದರೆ ಹೂಂ ಅನ್ನು. ಏಪ್ರಿಲ್ ಆರು.”

“ಹೂಂ. ಸುಟ್ಟ ಹಪ್ಪಳ.”

“ಏಪ್ರಿಲ್ ಏಳು.”

“ಹೂಂ.”

“ಏಪ್ರಿಲ್ ಎಂಟು.”

ಶಾಂತವೀರ ಹಾಳೆಯ ಮೇಲೆ ಬೆರಳಾಡಿಸಿದ. “ಅದು ಇಲ್ಲ.”

“ಇದರಲ್ಲಿ ಇದೆ.”

“ಏನಿದೆ?”

“ಐದೂವರೆ. ಮೋಡ. ಏನೂ ಇಲ್ಲ.”

“ಅದೇ ಗುರುಗಳೇ, ಅವತ್ತು ಏನೂ ಇರಲಿಲ್ಲ. ಅಂಥವನ್ನು ಬಿಟ್ಟಿದ್ದೇನೆ.”

ಗುರುಗಳು ತಲೆಯೆತ್ತಲಿಲ್ಲ. ಒಂದೊಂದೇ ತಾರೀಖು ಓದಿದರು. ಅವನು ಹೂಂ ಅಂದ. ಕೆಲವಕ್ಕೆ ಸುಮ್ಮನಿದ್ದ. ಗುರುಗಳು ಅಲ್ಲಿ ಒಂದು ಕ್ಷಣ ತಡೆದು, ಗಂಟೆ ಹೇಳಿ, ಮುಂದೆ ಹೋದರು.

“ಮೇ ಹತ್ತೊಂಬತ್ತು.”

“ಹೂಂ. ವಿಭೂತಿ.” ಅವನು ತನ್ನ ಪ್ರತಿಯನ್ನು ಮುಚ್ಚಿದ.

“ಮೇ ಇಪ್ಪತ್ತು.”

“ಮುಗಿಯಿತಲ್ಲ ಗುರುಗಳೇ? ಹತ್ತೊಂಬತ್ತೇ ಕೊನೆ.”

“ನಿನ್ನದು ಮುಗಿಯಿತು. ಅವಳದು ಇನ್ನೂ ಏಳು ದಿನ ಇದೆ.”

ಶಾಂತವೀರ ತಲೆಯೆತ್ತಿದ.

“ಮೇ ಇಪ್ಪತ್ತು. ಐದೂವರೆ. ಏನೂ ಇಲ್ಲ,” ಗುರುಗಳು ಓದಿದರು. “ಇಪ್ಪತ್ತೊಂದು. ಐದೂಮುಕ್ಕಾಲು. ಏನೂ ಇಲ್ಲ. ಇಪ್ಪತ್ತೆರಡು. ಆರು ಗಂಟೆ. ಏನೂ ಇಲ್ಲ.”

“ಆರು ಗಂಟೆಯೇ?”

“ಇಪ್ಪತ್ತಮೂರು. ಆರೂಕಾಲು.”

“ಅಕ್ಕ ಒಂದು ದಿನವೂ ತಡಮಾಡಿ ಎದ್ದವಳಲ್ಲ.”

“ಜ್ವರ ಶುರುವಾಗಿತ್ತು. ಇಪ್ಪತ್ತನಾಲ್ಕು. ಆರೂವರೆ. ಇಪ್ಪತ್ತೈದು. ಆರೂಮುಕ್ಕಾಲು.”

ಗುರುಗಳು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು.

“ಇಪ್ಪತ್ತಾರು. ಏಳು ಗಂಟೆ. ಬಿಸಿಲು. ಏನೂ ಇಲ್ಲ.”

ಹೊಳೆ ಹರಿಯುವ ಸದ್ದು ಕೇಳುತ್ತಿತ್ತು.

“ಅವತ್ತು ಕೋಣೆಯಿಂದ ಜಗಲಿಗೆ ಬರುವುದರಲ್ಲಿ ಮೂರು ಕಡೆ ಕೂತಳು,” ಎಂದರು ಗುರುಗಳು. “ಸಂಗವ್ವ ಹಿಡಿದುಕೊಳ್ಳಲು ಹೋದರೆ ಬೇಡ ಅಂದಳು. ಮಧ್ಯಾಹ್ನ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.”

“ಏಳು ಗಂಟೆಗೆ ಗೋಡೆಯ ಮೇಲೆ ಏನೂ ಇರುವುದಿಲ್ಲ ಗುರುಗಳೇ. ಆರೂವರೆಗೇ ಹಕ್ಕಿ ಬಂದು ಹೋಗಿರುತ್ತದೆ. ಅದು ಅವಳಿಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಯಾಕೆ ಬಂದಳು?”

ಗುರುಗಳು ಪುಸ್ತಕವನ್ನು ಅವನ ಕೈಗೆ ಕೊಟ್ಟರು.

ಕೊನೆಯ ಸಾಲಿನ ಅಕ್ಷರಗಳು ಕೆಳಕ್ಕೆ ಜಾರಿದ್ದವು. ‘ಇಲ್ಲ’ ಎಂಬುದರ ಒತ್ತಕ್ಷರವನ್ನು ಬರೆಯಲು ಅವಳು ಎರಡು ಸಲ ಪೆನ್ಸಿಲು ಊರಿದ್ದಳು. ಶಾಂತವೀರ ಅದರ ಮೇಲೆ ಹೆಬ್ಬೆರಳು ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

“ಇವತ್ತು ಬಿಡುವುದು ಬೇಡ ಗುರುಗಳೇ. ನನ್ನ ಪ್ರತಿಯಲ್ಲಿ ಇಪ್ಪತ್ತಮೂರು ಸಾಲು ಇಲ್ಲ.”

“ಬರೆದುಕೋ.”

ಆ ಮಧ್ಯಾಹ್ನ ಅವನು ಜಗಲಿಯಲ್ಲಿ ಕೂತಲ್ಲಿಂದ ಏಳಲಿಲ್ಲ. ಒಂದೊಂದು ‘ಏನೂ ಇಲ್ಲ’ವನ್ನೂ ಅದರ ತಾರೀಖಿನ ಎದುರು, ಗಂಟೆಯ ಎದುರು ಬರೆದ. ಒಂದೊಂದು ಸಾಲಿಗೂ ಚಿತ್ರಕ್ಕೆ ಕೊಟ್ಟಷ್ಟೇ ಗಮನ ಕೊಟ್ಟ. ಸಂಗವ್ವ ಊಟಕ್ಕೆ ಕರೆಯಲು ಬಂದವಳು ಅವನ ಮುಖ ನೋಡಿ, ತಟ್ಟೆಯನ್ನು ಅಲ್ಲೇ ಮುಚ್ಚಿಟ್ಟು ಹೋದಳು.

ಸಂಜೆ ಒಬ್ಬನೇ ಹೊಳೆಗೆ ಹೋಗಿ ಹಳೆಯ ಪುಸ್ತಕವನ್ನು ನೀರಿಗೆ ಬಿಟ್ಟ. ಅದು ತಿರುವಿನ ತನಕ ತೇಲಿತು. ತಿರುವಿನಲ್ಲಿ ಮರೆಯಾಯಿತು.

ಮರುದಿನ ಬೆಳಿಗ್ಗೆ ತುಂತುರು ಮಳೆ. ಬಲ್ಬಿನ ಸುತ್ತ ಒಂದು ಹುಳವೂ ಇರಲಿಲ್ಲ. ಶಾಂತವೀರ ಕಂಬದ ಪಕ್ಕದಲ್ಲಿ ನಿಂತು ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಇನ್ನೊಮ್ಮೆ ನೋಡಿದ. ತನ್ನ ಪುಸ್ತಕ ತೆರೆದ.

ಜೂನ್ ಆರು. ಐದೂವರೆ. ತುಂತುರು. ಏನೂ ಇಲ್ಲ.

ಗುರುಗಳು ಕಂಬಳಿ ಹೊದ್ದು ಬಂದು, ಅವನ ಹೆಗಲ ಮೇಲಿಂದ ಬಗ್ಗಿ ಆ ಸಾಲನ್ನು ಓದಿದರು.

“ಗುರುಗಳೇ, ಅಕ್ಕ ಎಲ್ಲಿ ನಿಲ್ಲುತ್ತಿದ್ದಳು?”

“ನೀನು ನಿಂತಿರುವಲ್ಲೇ. ಕೊಂಚ ಸರಿ, ಅವಳಿಗೂ ಗೋಡೆ ಕಾಣಲಿ.”