ಹಸಿರಿನ ಅರ್ಥ ಬರೆದವನು

ನದಿಯ ದಂಡೆಯ ಆಶ್ರಮದಲ್ಲಿ ಮರುಳಯ್ಯ ಗುರುಗಳು ಶಿಷ್ಯರಿಂದ ಪದಕೋಶ ಬರೆಸುತ್ತಿದ್ದರು. ಬಣ್ಣಗಳ ಸರದಿ ಬಂದಾಗ ಸೋವಣ್ಣನಿಗೆ ಕೆಂಪು ಸಿಕ್ಕಿತು, ಬೊಪ್ಪಯ್ಯನಿಗೆ ಹಸಿರು.

ಬೊಪ್ಪಯ್ಯ ಊರೂರು ಅಲೆದು ಜನರಾಡುವ ಮಾತುಗಳನ್ನು ಕೂಡಿಹಾಕಿದ. ಅಷ್ಟಾದ ಮೇಲೆ ಸುಮ್ಮನಿರದೆ ತಲೆಗೆ ಹುಳ ಬಿಟ್ಟುಕೊಂಡ. ಒಂದೇ ಗುಡಿಸಲಲ್ಲಿ ಮಲಗುವ ಸೋವಣ್ಣ ಇದನ್ನೆಲ್ಲ ಕದ್ದು ತನ್ನದೆಂದು ಬರೆದುಬಿಟ್ಟರೆ?

ತಾಳೆಗರಿಯನ್ನು ಬೇಯಿಸಿ, ವಾರಗಟ್ಟಲೆ ನೆರಳಲ್ಲಿ ಒಣಗಿಸಿ, ಆಮೇಲೆ ಮೊನಚಾದ ಕಬ್ಬಿಣದ ಕಂಟದಿಂದ ಕೊರೆದು ಬರೆಯುವುದು ಅಲ್ಲಿಯ ಪದ್ಧತಿ. ಬೊಪ್ಪಯ್ಯನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಆಗತಾನೇ ಕೊಯ್ದ ಗರಿಯ ಮೇಲೇ ಬರೆದ. ಬಿಗಿಯಾಗಿ ಕಟ್ಟಿ ಚಾಪೆಯ ಕೆಳಗೆ ಬಚ್ಚಿಟ್ಟ.

ಹತ್ತನೆಯ ದಿನ ಗುರುಗಳ ಮುಂದೆ ಕಟ್ಟು ಬಿಚ್ಚಹೋದರೆ, ಹಾಕಿದ್ದ ಗಂಟು ಅವನದಲ್ಲ. ಒಳಗೆ ಅರ್ಧದಷ್ಟು ಗರಿಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ತಿರುಗಿ ನೋಡಿದರೆ ಸೋವಣ್ಣನ ಬೆರಳ ತುದಿಗಳೆಲ್ಲ ಹಸಿರು.

ಬೊಪ್ಪಯ್ಯನಿಗೆ ಸಿಟ್ಟು ನೆತ್ತಿಗೇರಿತು. ಇವನೇ ಕಟ್ಟು ಬಿಚ್ಚಿ ನೀರು ಚಿಮುಕಿಸಿದ್ದಾನೆ ಎಂದ. ಇನ್ನೊಬ್ಬರ ಓಲೆ ಕೆಡಿಸಿದವನಿಗೆ ಆಶ್ರಮದಲ್ಲಿ ಜಾಗವಿಲ್ಲ ಎಂಬ ಕಟ್ಟಳೆಯನ್ನೂ ನೆನಪಿಸಿದ.

ಸೋವಣ್ಣ ಮಾತಾಡಲಿಲ್ಲ. ಬಾಯಿ ಬಿಡದಿರುವುದೇ ಸಾಕ್ಷಿ ಎನಿಸಿತು ಬೊಪ್ಪಯ್ಯನಿಗೆ.

"ನೀನು ಬರೆದದ್ದು ಹೇಳು, ಕೇಳೋಣ" ಎಂದರು ಗುರುಗಳು.

"ಹಸಿಯಾದದ್ದರ ಬಣ್ಣ ಹಸಿರು, ಗುರುಗಳೇ. ಜನ ಹಸಿ ಕಟ್ಟಿಗೆ ಅಂತಾರೆ, ಹಸಿ ಗಾಯ ಅಂತಾರೆ, ಬಾಣಂತಿಯದು ಹಸಿ ಮೈ ಅಂತಾರೆ. ಹೊಲ ಹಸಿರಾಯಿತು ಅಂತಾರೆ, ನೆನಪು ಇನ್ನೂ ಹಸಿರಾಗಿದೆ ಅಂತಾರೆ. ಯಾವುದರೊಳಗೆ ಇನ್ನೂ ನೀರು ಆರಿಲ್ಲವೋ..."

ಬೊಪ್ಪಯ್ಯ ಅಲ್ಲಿಗೇ ನಿಲ್ಲಿಸಿದ.

ಗುರುಗಳು ಕೆಟ್ಟ ಗರಿಯೊಂದನ್ನು ಎತ್ತಿ ಅವನ ಅಂಗೈಯಲ್ಲಿಟ್ಟು ಒತ್ತಿದರು. ಅಂಗೈ ಹಸಿರಾಯಿತು.

ಆಮೇಲೆ ತಾವು ಕಂಡದ್ದನ್ನು ಹೇಳಿದರು. ಗುಡಿಸಲಲ್ಲಿ ಕೊಳೆತ ವಾಸನೆ ಬಂದು ಸೋವಣ್ಣ ಚಾಪೆ ಎತ್ತಿ ನೋಡಿದ್ದ. ಮೂರು ದಿನದಿಂದ, ಬೊಪ್ಪಯ್ಯ ಭಿಕ್ಷೆಗೆ ಹೋದಾಗಲೆಲ್ಲ, ಒಂದೊಂದೇ ಗರಿ ಬಿಡಿಸಿ, ಒರೆಸಿ, ಹಿತ್ತಲ ನೆರಳಿಗೆ ಹಾಕಿ, ಅವನು ಬರುವಷ್ಟರಲ್ಲಿ ಮತ್ತೆ ಕಟ್ಟಿಡುತ್ತಿದ್ದ. ಅರ್ಧವಾದರೂ ಉಳಿದದ್ದು ಅದರಿಂದ.

ಬೊಪ್ಪಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುವಷ್ಟು ನಾಚಿಕೆಯಾಯಿತು. ಸೋವಣ್ಣನ ಮುಖ ನೋಡಲಾಗಲಿಲ್ಲ. ಆದರೂ ಒಳಗೆ ಏನೋ ಇನ್ನೂ ಕೊರೆಯುತ್ತಲೇ ಇತ್ತು.

"ಹಾಗಿದ್ದರೆ ಇವನು ನನಗೆ ಒಂದು ಮಾತು ಹೇಳಬಹುದಿತ್ತಲ್ಲ, ಗುರುಗಳೇ?"

ಗುರುಗಳು ಉಳಿದ ಗರಿಗಳನ್ನು ಜೋಡಿಸಿ ಅವನ ಕೈಗೆ ಕೊಟ್ಟರು.

"ಹೇಳಿದ್ದರೆ ನಂಬುತ್ತಿದ್ದೆಯಾ?"