ಸಾಹೇಬರ ಹೆಸರಿನ ಇಮೇಜು

ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಫಿರೋಜಾ ಸರ್ವರ್‌ಗಳ ಕಾವಲಿಗಿದ್ದಳು. ಅಲ್ಲಿ ಪ್ರೋಗ್ರಾಮುಗಳು ಇಮೇಜ್ ಎಂಬ ಕಟ್ಟಿದ ಗಂಟಾಗಿ ಬರುತ್ತಿದ್ದವು. ಕಳಿಸಿದವರು ಯಾರೆಂದು ಖಾತ್ರಿ ಮಾಡುವ ಡಿಜಿಟಲ್ ಸಹಿ ಇಲ್ಲದ ಯಾವ ಇಮೇಜೂ ಒಳಗೆ ಹೋಗದಂತೆ ಅವಳು ಕಮಾಂಡ್ ಹೊಡೆದು ನಿಯಮ ಹಾಕಿದ್ದಳು.

ಒಂದು ದಿನ ಮ್ಯಾನೇಜರ್ ಪಟ್ಟಣಶೆಟ್ಟಿಯವರ ಇಮೇಜೇ ಸಹಿ ಇಲ್ಲದೆ ಹೊರಗೆ ನಿಂತಿತು. ಸಾಹೇಬರು ಕೆಂಡವಾದರು.

“ನನ್ನ ಹೆಸರಿದ್ದ ಮ್ಯಾಲೆ ಸಹಿ ಯಾಕ ಬೇಕು? ಹೆಸರು ಕಂಡರ ಸುಮ್ನ ಒಳಗ ಬಿಡಬೇಕು. ಇಲ್ಲಂದ್ರ ನಾಳೆಯಿಂದ ನೀ ಬರಬ್ಯಾಡ.”

“ಆತ್ರೀ ಸರ್. ಮೊದಲು ಹೊರಗಿನ ನೋಟಿಸ್ ಪರದೆ ನಡೆಸೋ ಸರ್ವರಿಗಷ್ಟ ಹಾಕಿ ನೋಡ್ತೀನ್ರಿ,” ಎಂದು ಫಿರೋಜಾ ನಿಯಮ ಬದಲಿಸಿದಳು.

ಸ್ವಲ್ಪ ಹೊತ್ತಿಗೆ ಜನ ಸಾಹೇಬರ ಕೋಣೆಗೆ ಬಂದು ಕೈಮುಗಿಯತೊಡಗಿದರು. ಹೊರಗಿನ ನೋಟಿಸ್ ಪರದೆಯ ಮೇಲೆ ದೊಡ್ಡದಾಗಿ ಬಂದಿತ್ತು: ‘ಇಂದು ಎಲ್ಲರಿಗೂ ಪಟ್ಟಣಶೆಟ್ಟಿ ಸಾಹೇಬರ ಹೋಳಿಗೆ ಊಟ.’

ಸಾಹೇಬರು ಫಿರೋಜಾಳನ್ನು ಕರೆದರು. “ಇದನ್ನ ಯಾರು ಹಾಕಿದ್ರು?”

“ನಾನ್ರಿ. ಈ ನೋಟಿಸ್ ಇದ್ದ ನನ್ನ ಇಮೇಜಿಗೆ ನಿಮ್ಮ ಹೆಸರಿಟ್ಟೆ. ಸರ್ವರ್ ಮತ್ತೇನೂ ಕೇಳಲಿಲ್ರಿ. ಕಳ್ಳರಿಗೂ ನಿಮ್ಮ ಹೆಸರು ಬರಿಯಾಕ ಬರ್ತೈತ್ರಿ.”

ಸಾಹೇಬರು ನಕ್ಕರು.

“ಶಾಣ್ಯಾಕಿ ಇದ್ದಿ. ಹಳೇ ನಿಯಮನ ಹಾಕವ್ವಾ. ನನಗೂ ಸಹಿ ಮಾಡೋದು ಕಲಿಸು.”

ಫಿರೋಜಾ ಕಮಾಂಡ್ ಹೊಡೆದು, ನೋಟಿಸನ್ನೂ ಅಳಿಸಲು ಹೋದಳು.

“ಅದು ಇರಲಿ ಬಿಡು,” ಎಂದು ಸಾಹೇಬರು ಖಾನಾವಳಿಗೆ ಫೋನ್ ಹಚ್ಚಿದರು.