ಕಾಫಿ ಜಗ್ಗಾದ ಎನಿಮಾ ಡಬ್ಬಿ

ಡಾಕ್ಟರ್ ವೆಂಕೋಬರಾಯರ ಮನೆಯನ್ನು ವೈದ್ಯಕೀಯ ಮ್ಯೂಸಿಯಂ ಮಾಡಿದಾಗ, ಏನೂ ತಿಳಿಯದ ಸಮಿತಿಯವರು ಎನಿಮಾ ಡಬ್ಬಿಯ ಮುಂದೆ ‘ಡಾಕ್ಟರರ ಕಾಫಿ ಜಗ್ಗು’ ಎಂದು ಚೀಟಿ ಅಂಟಿಸಿದರು. ಬಂದವರೆಲ್ಲ ಅದಕ್ಕೆ ಕೈಮುಗಿದರು.

“ನಿನ್ನ ರಬ್ಬರ್ ಟ್ಯೂಬನ್ನು ಸ್ವಲ್ಪ ಈಚೆಗೆ ಬಿಡು, ಜನಕ್ಕೆ ನಿಜ ಗೊತ್ತಾಗಲಿ,” ಎಂದಿತು ಪಕ್ಕದ ಸ್ಟೆತಾಸ್ಕೋಪು. “ಅರ್ಧ ಊರಿನ ಹೊಟ್ಟೆ ಹಗುರ ಮಾಡಿದವನು ನೀನು. ಆ ಹೆಸರು ಸಾಲದೇ?”

“ಆ ಹೆಸರನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾಗುತ್ತದೆಯೇ? ತಾನಾಗಿ ಬಂದ ಮರ್ಯಾದೆಯನ್ನು ನಾನೇಕೆ ಬೇಡವೆನ್ನಲಿ?” ಎಂದ ಡಬ್ಬಿ ಟ್ಯೂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.

ಡಾಕ್ಟರರ ಜನ್ಮದಿನ ಬಂತು. ಸಮಿತಿಯ ಅಧ್ಯಕ್ಷರು ಭಕ್ತಿಯಿಂದ ಅದೇ ಜಗ್ಗಿಗೆ ಕಾಫಿ ತುಂಬಿಸಿ, ಅದರ ಮೂತಿಯಿಂದಲೇ ಲೋಟಕ್ಕೆ ಬಿಟ್ಟು ಮುಖ್ಯ ಅತಿಥಿಗಳಿಗೆ ಕೊಟ್ಟರು. ಡಬ್ಬಿ ಹಿಗ್ಗಿ ಹೀರೇಕಾಯಿಯಾಯಿತು. ಅತಿಥಿಗಳು ಒಂದು ಗುಟುಕು ಕುಡಿದು “ಆಹಾ!” ಎಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಡಾಕ್ಟರರ ಹಳೇ ಕಾಂಪೌಂಡರ್ ಪುಟ್ಟಮಾದಪ್ಪ ಧಡಕ್ಕನೆ ಎದ್ದ. “ಅಯ್ಯೋ ಸ್ವಾಮಿ, ಅದು ಎನಿಮಾ ಡಬ್ಬಿ! ನಿಮ್ಮ ತಾತನವರಿಗೂ ನಾನೇ ಅದರಲ್ಲಿ ಕೊಟ್ಟಿದ್ದೆ. ಆದರೆ ಬಾಯಿಗಲ್ಲ!”

ಚೀಟಿ ಬದಲಾಯಿಸಿದ್ದರೆ ಸಾಕಿತ್ತು. ಅವಮಾನ ತಾಳಲಾರದೆ ಸಮಿತಿಯವರು ಡಬ್ಬಿಯನ್ನೇ ಗುಜರಿಗೆ ಹಾಕಿದರು.